ಸ್ವಿಫ್ಟ್ ಕಾರಿಗೆ 14 ಇಂಚಿನಿಂದ 15 ಅಥವಾ 16 ಇಂಚಿನ ಚಕ್ರ: ಅಳತೆ ಹೋಲಿಸುವಾಗ ಏನೇನು ನೋಡಬೇಕು?

ಹಾಸನದ ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಮಾರುತಿ ಸ್ವಿಫ್ಟ್ ಕಾರಿನ ಆರಂಭಿಕ ದರ್ಜೆಯ ಮಾದರಿ. ಕಂಪನಿಯಿಂದ ಬಂದ 14 ಇಂಚಿನ ಸ್ಟೀಲ್ ರಿಮ್‌ಗಳ ಮೇಲೆ 165/80 ಆರ್14 ಅಳತೆಯ ಟೈರುಗಳಿವೆ. ಅವು ಸವೆದು ಸೂಚಕ ಗೆರೆಯ ಮಟ್ಟಕ್ಕೆ ಬಂದಿರುವುದರಿಂದ ನಾಲ್ಕನ್ನೂ ಬದಲಿಸಬೇಕಾಗಿದ್ದು, ಇದೇ ಸಂದರ್ಭದಲ್ಲಿ ಅಲಾಯ್ ಚಕ್ರಗಳನ್ನೂ ಹಾಕಿಸಿಕೊಳ್ಳುವ ಆಸೆಯಿದೆ. ಅಂಗಡಿಯಲ್ಲಿ ವಿಚಾರಿಸಿದಾಗ 185/65 ಆರ್15, 195/65 ಆರ್15 ಮತ್ತು 205/55 ಆರ್16 ಎಂಬ ಮೂರು ಅಳತೆಗಳನ್ನು ಸೂಚಿಸಿ, ಮೂರರಲ್ಲೂ ಚಕ್ರದ ಒಟ್ಟು ವ್ಯಾಸದ ಬದಲಾವಣೆ ಶೇಕಡಾ ಮೂರರ ಮಿತಿಯೊಳಗೆ ಇರುವುದರಿಂದ ಯಾವುದನ್ನು ಹಾಕಿಸಿಕೊಂಡರೂ ತೊಂದರೆಯಿಲ್ಲ ಎಂದರು. ಮನೆಯವರೊಂದಿಗೆ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುವುದು ನನಗೆ ಸಾಮಾನ್ಯ. ಈ ಶೇಕಡಾವಾರು ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಗಾಲಿಲೆಕ್ಕ

ಮೊದಲು ಲೆಕ್ಕವನ್ನೇ ಮಾಡಿಬಿಡೋಣ. 165/80 ಆರ್14 ಎಂದರೆ ಟೈರಿನ ಅಗಲ 165 ಮಿಮೀ, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ಅಂದರೆ 132 ಮಿಮೀ, ರಿಮ್ಮಿನ ವ್ಯಾಸ 14 ಇಂಚು, ಅಂದರೆ 355.6 ಮಿಮೀ. ಗೋಡೆ ಮೇಲೂ ಕೆಳಗೂ ಬರುವುದರಿಂದ ಅದನ್ನು ಎರಡರಿಂದ ಗುಣಿಸಿ ರಿಮ್ಮಿನ ವ್ಯಾಸಕ್ಕೆ ಕೂಡಿದರೆ ಇಡೀ ಚಕ್ರದ ವ್ಯಾಸ 619.6 ಮಿಮೀ ಆಗುತ್ತದೆ. ಇದೇ ರೀತಿಯಲ್ಲಿ 185/65 ಆರ್15 ಅಳತೆಗೆ 621.5 ಮಿಮೀ, 195/65 ಆರ್15 ಅಳತೆಗೆ 634.5 ಮಿಮೀ, 205/55 ಆರ್16 ಅಳತೆಗೆ 631.9 ಮಿಮೀ ಬರುತ್ತದೆ. ಮೂಲ ಅಳತೆಗೆ ಹೋಲಿಸಿದರೆ ಮೊದಲನೆಯದು ಶೇಕಡಾ 0.3ರಷ್ಟು, ಎರಡನೆಯದು 2.4ರಷ್ಟು, ಮೂರನೆಯದು 2ರಷ್ಟು ದೊಡ್ಡದು.

ಅಂಗಡಿಯವರು ಹೇಳಿದ ಅಂಕಿ ಸರಿಯಾಗಿಯೇ ಇದೆ. ಆದರೆ ಸ್ವಿಫ್ಟ್‌ನ ಮೇಲಿನ ದರ್ಜೆಯ ಮಾದರಿಗಳಿಗೆ ಕಂಪನಿಯೇ 185/65 ಆರ್15 ಕೊಡುತ್ತದೆ ಎಂಬುದನ್ನು ಗಮನಿಸಿ. ಎರಡರ ನಡುವೆ 2 ಮಿಮೀ ವ್ಯತ್ಯಾಸವೂ ಇಲ್ಲದಿರುವುದು ಆಕಸ್ಮಿಕವಲ್ಲ. ಒಂದೇ ಗೇರ್ ಅನುಪಾತ, ಒಂದೇ ವೇಗಮಾಪಕ, ಒಂದೇ ಮಡ್‌ಗಾರ್ಡ್ ಇಟ್ಟುಕೊಂಡು ಎರಡು ರಿಮ್‌ಗಳನ್ನು ಮಾರಬೇಕಾದವರು ಹೀಗೆಯೇ ಅಳತೆ ಆರಿಸುತ್ತಾರೆ.

ಮಲೆನಾಡ ದಾರಿ

ನನ್ನ ಅಭಿಪ್ರಾಯದಲ್ಲಿ ನೀವು 195/65 ಆರ್15 ಹಾಕಿಸಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆಯ ಹಂಪುಗಳ ಮೇಲೆ ಕಾರಿನ ತಳ ಉಜ್ಜುವುದು ದಿನನಿತ್ಯದ ಗೋಳು. ಸುಮಾರು 15 ಮಿಮೀ ಹೆಚ್ಚಿನ ವ್ಯಾಸ ಸಿಗುವಾಗ ಅದನ್ನು ಬಿಡುವುದೇಕೆ? ಹೇಗಿದ್ದರೂ ಶೇಕಡಾ ಮೂರರ ಒಳಗೇ ಇದೆ.

ಅಳತೆಪಟ್ಟಿ

ಮಲೆನಾಡ ದಾರಿಯವರು ಕ್ಷಮಿಸಬೇಕು, ವ್ಯಾಸ 15 ಮಿಮೀ ಹೆಚ್ಚಿದರೆ ಕಾರು ಏರುವುದು ಅದರ ಅರ್ಧದಷ್ಟು, ಅಂದರೆ ಏಳೂವರೆ ಮಿಮೀ ಮಾತ್ರ. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಸ್ಪ್ರಿಂಗು ಅದಕ್ಕಿಂತ ಹೆಚ್ಚೇ ಕುಸಿಯುತ್ತದೆ. ಇಷ್ಟು ಸಣ್ಣ ಲಾಭಕ್ಕೆ ತೆರಬೇಕಾದ ಬೆಲೆ ಹಲವು ಕಡೆ ಹರಡಿಕೊಂಡಿರುವುದರಿಂದ ಅದು ಯಾರ ಕಣ್ಣಿಗೂ ಒಟ್ಟಾಗಿ ಬೀಳುವುದಿಲ್ಲ.

ವೇಗಮಾಪಕ ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ರಸ್ತೆಯನ್ನು ಅಳೆಯುವುದಿಲ್ಲ. ಮೂಲ ಟೈರಿನಲ್ಲಿ ನಿಜವಾಗಿ 100 ಕಿಮೀ ವೇಗವಿದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ, 195/65 ಹಾಕಿದ ಮೇಲೆ ಅದೇ ಜಾಗದಲ್ಲಿ ಮುಳ್ಳು ನಿಂತಾಗ ಕಾರು 102.4 ಕಿಮೀ ವೇಗದಲ್ಲಿರುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮಾವಳಿಯ ಪ್ರಕಾರ ವೇಗಮಾಪಕ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸುವುದಾದರೆ ನಿಜವೇಗದ ಹತ್ತನೇ ಒಂದು ಭಾಗ ಮತ್ತು 4 ಕಿಮೀ ಸೇರಿದಷ್ಟು ಅವಕಾಶವಿದೆ. ತಯಾರಕರು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಡುವುದರಿಂದ ದೊಡ್ಡ ಟೈರು ಹಾಕಿದವರು ಆ ರಕ್ಷಣೆಯ ಅಂಚನ್ನು ತಿಂದು ಬದುಕುತ್ತಿರುತ್ತಾರೆ.

ದೂರಮಾಪಕದ ಕಥೆಯೂ ಇದೇ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎಂದು ದೂರುವವರಲ್ಲಿ ಅನೇಕರು ಮರೆಯುವ ಸಂಗತಿಯೆಂದರೆ, ಅವರ ಕಾರು ನಿಜವಾಗಿ ಲೀಟರಿಗೆ 20 ಕಿಮೀ ಓಡಿದರೂ ಮಾಪಕದ ಲೆಕ್ಕದಲ್ಲಿ 19.5 ಎಂದೇ ಬರುತ್ತದೆ. ಉಳಿದ ಇಳಿಕೆ ನಿಜವಾದದ್ದು. ಅಗಲವಾದ, ಭಾರವಾದ ಟೈರನ್ನು ಉರುಳಿಸಲು ಹೆಚ್ಚು ಶಕ್ತಿ ಬೇಕು. ವ್ಯಾಸ ಹೆಚ್ಚಾದಾಗ ಎಲ್ಲ ಗೇರುಗಳೂ ಶೇಕಡಾ 2.4ರಷ್ಟು ಎತ್ತರವಾದಂತಾಗಿ ಚಕ್ರಕ್ಕೆ ಸಿಗುವ ಎಳೆತ ಅಷ್ಟು ಕಡಿಮೆಯಾಗುವುದರಿಂದ, ಶಿರಾಡಿಯ ಏರಿನಲ್ಲಿ ತುಂಬಿದ ಕಾರಿನಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಯುವ ಗಳಿಗೆ ಸ್ವಲ್ಪ ಬೇಗ ಬರುತ್ತದೆ.

ಹಾಸನದ ಓದುಗ

ಹಾಗಾದರೆ ಶೇಕಡಾ ಮೂರು ಎಂಬ ನಿಯಮಕ್ಕೆ ಅರ್ಥವೇ ಇಲ್ಲವೇ? ಹುಂಡೈ ಕ್ರೆಟಾ ಕಾರಿಗೆ ಕಂಪನಿಯೇ 205/65 ಆರ್16 ಮತ್ತು 215/60 ಆರ್17 ಎರಡನ್ನೂ ಕೊಟ್ಟಿದೆ. ಲೆಕ್ಕ ಮಾಡಿದಾಗ 672.9 ಮತ್ತು 689.8 ಮಿಮೀ ಬಂತು. ಅಲ್ಲಿಯೂ ಶೇಕಡಾ ಎರಡೂವರೆ ವ್ಯತ್ಯಾಸವಿದೆಯಲ್ಲ?

ಅಳತೆಪಟ್ಟಿ

ಒಳ್ಳೆಯ ಉದಾಹರಣೆ. ಮಹೀಂದ್ರ ಥಾರ್‌ನ 245/75 ಆರ್16 ಮತ್ತು 255/65 ಆರ್18 ನಡುವೆಯೂ ಸುಮಾರು ಶೇಕಡಾ ಎರಡರ ಅಂತರವಿದೆ. ಆದರೆ ಆ ಕಾರುಗಳಲ್ಲಿ ಎರಡು ಅಳತೆಗಳಿಗೂ ಮಡ್‌ಗಾರ್ಡ್ ಒಳಗಿನ ಜಾಗ, ಸ್ಟೀರಿಂಗ್ ತಿರುಗುವ ಕೋನ, ಸಸ್ಪೆನ್ಷನ್ನಿನ ಚಲನೆ ಎಲ್ಲವನ್ನೂ ವಿನ್ಯಾಸದ ಹಂತದಲ್ಲೇ ನೋಡಿರುತ್ತಾರೆ. ಶೇಕಡಾವಾರು ಅಂಕಿ ಕೇವಲ ವ್ಯಾಸದ ಬಗ್ಗೆ ಮಾತನಾಡುತ್ತದೆ. ಚಕ್ರ ನಿಮ್ಮ ಕಾರಿನೊಳಗೆ ಎಲ್ಲಿ ಕೂರುತ್ತದೆ ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಅದನ್ನು ಹೇಳುವುದು ರಿಮ್ಮಿನ ಅಗಲ ಮತ್ತು ಆಫ್‌ಸೆಟ್. ರಿಮ್ಮಿನ ಒಳಭಾಗದಲ್ಲಿ 6.5 ಜೆ, ಇಟಿ 38 ಎಂಬಂಥ ಗುರುತು ಇರುತ್ತದೆ. 6.5 ಎಂಬುದು ಇಂಚಿನಲ್ಲಿ ರಿಮ್ಮಿನ ಅಗಲ; 38 ಎಂಬುದು ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ (ಅಚ್ಚಿನ ತುದಿಯಲ್ಲಿ ಚಕ್ರ ಕೂರುವ ಭಾಗಕ್ಕೆ) ತಾಗುವ ಮುಖದವರೆಗೆ ಇರುವ ಮಿಲಿಮೀಟರ್ ದೂರ, ಇದೇ ಆಫ್‌ಸೆಟ್. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ, ಹೆಚ್ಚಾದಷ್ಟೂ ಒಳಕ್ಕೆ ಹೋಗುತ್ತದೆ.

ಲೆಕ್ಕಕ್ಕಾಗಿ, ಹಳೆಯ ರಿಮ್ 5.5 ಜೆ, ಇಟಿ 45 ಎಂದು ಇಟ್ಟುಕೊಳ್ಳಿ. ಹೊಸದು 6.5 ಜೆ, ಇಟಿ 38. ಅಗಲ ಒಂದು ಇಂಚು, ಅಂದರೆ 25.4 ಮಿಮೀ ಹೆಚ್ಚಿತು. ನಡುಗೆರೆಯ ಎರಡೂ ಬದಿಗೆ ತಲಾ 12.7 ಮಿಮೀ. ಆಫ್‌ಸೆಟ್ 7 ಮಿಮೀ ಕಡಿಮೆಯಾದದ್ದರಿಂದ ಇಡೀ ರಿಮ್ 7 ಮಿಮೀ ಹೊರಕ್ಕೆ ಸರಿಯಿತು. ಆದ್ದರಿಂದ ಹೊರ ಅಂಚು 19.7 ಮಿಮೀ ಮಡ್‌ಗಾರ್ಡಿನ ಕಡೆಗೂ, ಒಳ ಅಂಚು 5.7 ಮಿಮೀ ಸ್ಟ್ರಟ್‌ನ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬದ) ಕಡೆಗೂ ಬಂದಂತಾಯಿತು. ಅದೇ 205/55 ಆರ್16 ಟೈರು ಇಟಿ 45 ಇರುವ ರಿಮ್ಮಿನಲ್ಲಿ ಸರಿಯಾಗಿ ಕೂತು, ಇಟಿ 35 ಇರುವ ರಿಮ್ಮಿನಲ್ಲಿ ಮಡ್‌ಗಾರ್ಡಿಗೆ ಉಜ್ಜಬಹುದು. ಟೈರಿನ ಅಳತೆಯನ್ನು ಮಾತ್ರ ಹೇಳಿ "ಹೊಂದುತ್ತದೆಯೇ" ಎಂದು ಕೇಳುವ ಪ್ರಶ್ನೆಗೆ ಉತ್ತರವಿಲ್ಲದಿರುವುದು ಇದೇ ಕಾರಣಕ್ಕೆ, ಆದರೂ ಅಂತರಜಾಲದ ತುಂಬ ಅದಕ್ಕೆ ಧಾರಾಳವಾಗಿ ಉತ್ತರಗಳು ಸಿಗುತ್ತವೆ.

ಆಫ್‌ಸೆಟ್ ತೀರಾ ಕಡಿಮೆಯಾದಾಗ ಉಜ್ಜುವುದೊಂದೇ ತೊಂದರೆಯಲ್ಲ. ಚಕ್ರದ ಬೇರಿಂಗಿನ ಮೇಲೆ ಬೀಳುವ ತಿರುಚುವ ಹೊರೆ ಹೆಚ್ಚುತ್ತದೆ, ಒಂದು ಬದಿಯ ಚಕ್ರ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಆ ಕಡೆಗೆ ಎಳೆಯುವುದು ಹೆಚ್ಚುತ್ತದೆ. ಕಾರು ಅಗಲವಾಗಿ ನಿಂತಂತೆ ಕಾಣಲಿ ಎಂದು ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಸೇರಿಸುವವರು ಮಾಡುತ್ತಿರುವುದೂ ಇದನ್ನೇ.

ಟೈರ್ ಅಂಗಡಿ, ದಾವಣಗೆರೆ

ಮೇಲೆ ಹೇಳಿದ್ದಕ್ಕೆ ಅಂಗಡಿಯ ಅನುಭವದಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಗ್ರಾಹಕರು ಟೈರಿನ ಬಗ್ಗೆ ಬಹಳ ಕೇಳುತ್ತಾರೆ, ರಿಮ್ಮಿನ ರಂಧ್ರಗಳ ಬಗ್ಗೆ ಯಾರೂ ಕೇಳುವುದಿಲ್ಲ. ಸ್ವಿಫ್ಟ್‌ಗೆ ನಾಲ್ಕು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 100 ಮಿಮೀ. ಇದನ್ನೇ 4×100 ಪಿಸಿಡಿ ಎನ್ನುತ್ತೇವೆ. ಫಿಯೆಟ್‌ನ ಕೆಲವು ಕಾರುಗಳಿಗೆ 4×98, ಫೋರ್ಡ್ ಫಿಗೊಗೆ 4×108. ಕಣ್ಣಳತೆಗೆ 98 ಮತ್ತು 100ರ ವ್ಯತ್ಯಾಸ ತಿಳಿಯುವುದೇ ಇಲ್ಲ, ನಟ್ಟು ಬಿಗಿಯಾದಂತೆಯೂ ತೋರುತ್ತದೆ. ಆದರೆ ಪ್ರತಿ ಬೋಲ್ಟೂ ಒಂದು ಮಿಮೀ ಓರೆಯಾಗಿ ಕೂತಿರುತ್ತದೆ, ಓಡುತ್ತ ಓಡುತ್ತ ನಟ್ಟು ಸಡಿಲವಾಗುತ್ತದೆ. ಒಂದೇ ರಿಮ್ಮನ್ನು ಎರಡು ಬಗೆಯ ಕಾರುಗಳಿಗೆ ಮಾರಲು ಎಂಟು ರಂಧ್ರ ಕೊರೆದ ಅಲಾಯ್‌ಗಳೂ ಬರುತ್ತವೆ. ಅವನ್ನು ಕೊಳ್ಳುವವರು ತಮ್ಮ ಕಾರಿನ ನಾಲ್ಕು ರಂಧ್ರ ಯಾವುವು ಎಂದು ಅಳೆದೇ ಜೋಡಿಸಿಕೊಳ್ಳಬೇಕು.

ಎರಡನೆಯದು ನಡುವಿನ ದೊಡ್ಡ ರಂಧ್ರ. ಸ್ವಿಫ್ಟ್‌ನ ಹಬ್ 54.1 ಮಿಮೀ. ಹೊರಗಿನ ಅಲಾಯ್‌ಗಳ ರಂಧ್ರ ಎಲ್ಲ ಕಾರಿಗೂ ಆಗಲಿ ಎಂದು 67 ಅಥವಾ 73 ಮಿಮೀವರೆಗೂ ಇರುತ್ತದೆ. ನಡುವಿನ ಖಾಲಿ ಜಾಗಕ್ಕೆ ಹಬ್ ರಿಂಗ್ ಹಾಕದಿದ್ದರೆ ಚಕ್ರವನ್ನು ಕೇಂದ್ರದಲ್ಲಿ ಕೂರಿಸುವ ಕೆಲಸವೆಲ್ಲ ನಟ್ಟುಗಳ ಮೇಲೆ ಬೀಳುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಸೊನ್ನೆ ತೋರಿಸಿದ ಚಕ್ರ ರಸ್ತೆಯಲ್ಲಿ 80 ಕಿಮೀ ದಾಟಿದ ಕೂಡಲೇ ಸ್ಟೀರಿಂಗ್ ಅಲುಗಿಸಿದರೆ, ಮತ್ತೊಮ್ಮೆ ಬ್ಯಾಲೆನ್ಸಿಂಗ್ ಮಾಡಿಸುವ ಮುನ್ನ ಈ ರಿಂಗ್ ಇದೆಯೇ ಎಂದು ನೋಡಿಸಿ.

ಮೂರನೆಯದು ನಟ್ಟು. ಮಾರುತಿಯ ಬೋಲ್ಟಿನ ಮರೆ (ತಿರುಪಿನ ಸುತ್ತು) 12 ಮಿಮೀ, 1.25 ಪಿಚ್ (ಎರಡು ಸುತ್ತುಗಳ ನಡುವಿನ ಮಿಮೀ ಅಂತರ), ಹುಂಡೈ, ಟೊಯೊಟ, ಹೋಂಡಾಗಳದ್ದು 1.5. ಮರೆಯ ಜೊತೆಗೆ ನಟ್ಟಿನ ಮೂತಿಯನ್ನೂ ನೋಡಬೇಕು. ಹೋಂಡಾದ ಮೂಲ ರಿಮ್‌ಗಳಿಗೆ ದುಂಡುಮೂತಿಯ ನಟ್ಟು ಬೇಕು, ಮಾರುಕಟ್ಟೆಯ ಹೆಚ್ಚಿನ ಅಲಾಯ್‌ಗಳಿಗೆ ಶಂಕುವಿನ ಮೂತಿ ಬೇಕು. ತಪ್ಪು ಮೂತಿಯ ನಟ್ಟು ಎಷ್ಟು ಬಿಗಿದರೂ ಗೆರೆಯಷ್ಟು ಜಾಗದಲ್ಲಿ ಮಾತ್ರ ಹಿಡಿದಿರುತ್ತದೆ. ಅಲಾಯ್‌ಗೆ ಬೇರೆ ನಟ್ಟು ಕೊಂಡವರು ಹಳೆಯ ನಟ್ಟುಗಳನ್ನು ಎಸೆಯಬೇಡಿ, ಸ್ಟೀಲ್ ಸ್ಟೆಪ್ನಿ ಹಾಕುವ ದಿನ ಅವು ಬೇಕಾಗುತ್ತವೆ.

ಬೆಂಗಳೂರು ಉತ್ತರ

ಬಲೆನೊ ಕಾರಿನ 16 ಇಂಚಿನ ಮೂಲ ಅಲಾಯ್‌ಗಳು ಬಳಸಿದ ಸ್ಥಿತಿಯಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತವೆ. ಅವು ಸ್ವಿಫ್ಟ್‌ಗೆ ನೇರವಾಗಿ ಕೂರುತ್ತವೆ ಎಂದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಹೇಳಿದರು. ಇದು ನಿಜವೇ?

ಗಾಲಿಲೆಕ್ಕ

ಬೋಲ್ಟಿನ ವೃತ್ತ, ನಡುವಿನ ರಂಧ್ರ, ಬೋಲ್ಟಿನ ಮರೆ ಮೂರೂ ಎರಡು ಕಾರುಗಳಲ್ಲಿ ಒಂದೇ ಆಗಿರುವುದರಿಂದ ಕೂರುವ ಮಟ್ಟಿಗೆ ಕೂರುತ್ತವೆ. ಬಲೆನೊದ ಟೈರು 195/55 ಆರ್16. ಅದರ ವ್ಯಾಸ 620.9 ಮಿಮೀ, ಅಂದರೆ ಹಾಸನದ ಗೆಳೆಯರ ಮೂಲ ಟೈರಿಗಿಂತ ಕೇವಲ 1.3 ಮಿಮೀ ಹೆಚ್ಚು. 16 ಇಂಚೇ ಬೇಕು ಎನ್ನುವವರಿಗೆ 205/55ಕ್ಕಿಂತ ಇದು ಎಲ್ಲ ರೀತಿಯಲ್ಲೂ ಮೇಲು. ಆದರೆ ಆ ರಿಮ್ಮಿನ ಒಳಗೆ ಕೊರೆದಿರುವ ಅಗಲ ಮತ್ತು ಇಟಿ ಸಂಖ್ಯೆಯನ್ನು ನಿಮ್ಮ ರಿಮ್ಮಿನ ಸಂಖ್ಯೆಗೆ ಹೋಲಿಸಿ, ಅಳತೆಪಟ್ಟಿಯವರು ತೋರಿಸಿದ ಲೆಕ್ಕವನ್ನು ಮಾಡಿಯೇ ಹಣ ಕೊಡಿ. ಬಳಸಿದ ರಿಮ್ ಆದ್ದರಿಂದ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಖಾಲಿ ತಿರುಗಿಸಿ ಅಂಚು ಓಲಾಡುತ್ತದೆಯೇ ಎಂದು ನೋಡುವುದು ಅಗತ್ಯ. ಬಾಗಿದ ಅಲಾಯನ್ನು ಬಡಿದು ನೇರ ಮಾಡಿ ಬಣ್ಣ ಹಚ್ಚಿ ಮಾರುವುದು ಅಪರೂಪವೇನಲ್ಲ.

ಮಲೆನಾಡ ದಾರಿ

ಏಳೂವರೆ ಮಿಮೀ ಎಂಬುದನ್ನು ಒಪ್ಪಿಕೊಂಡೆ. ಆದರೆ 16 ಇಂಚಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ನಿಮ್ಮ ಅಂಕಿಗಳಲ್ಲೇ ನೋಡಿ, ಪಕ್ಕದ ಗೋಡೆಯ ಎತ್ತರ 165/80ರಲ್ಲಿ 132 ಮಿಮೀ, 185/65ರಲ್ಲಿ 120, 195/55ರಲ್ಲಿ 107. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳಲ್ಲಿ ನೀರು ನಿಂತ ಗುಂಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ. ಗೋಡೆ ಗಿಡ್ಡವಾದಷ್ಟೂ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ನಜ್ಜುಗುಜ್ಜಾಗಿ ಒಳಗಿನ ದಾರಗಳು ಕಡಿದು ಪಕ್ಕದಲ್ಲಿ ಗುಳ್ಳೆ ಏಳುವುದು ಹೆಚ್ಚು. ಹಾಗೆ ಉಬ್ಬಿದ ಟೈರಿಗೆ ದುರಸ್ತಿಯಿಲ್ಲ, ಬಿಸಾಡುವುದೇ ಗತಿ. ತಿರುವಿನಲ್ಲಿ 16 ಇಂಚಿನ ಹಿಡಿತ ಚೆನ್ನಾಗಿರುತ್ತದೆ ಎಂಬುದು ಸತ್ಯವಿರಬಹುದು, ಆದರೆ ಕುಟುಂಬದೊಂದಿಗೆ ಘಾಟಿ ಇಳಿಯುವವರು ಆ ಹಿಡಿತದ ಕೊನೆಯಂಚನ್ನು ಮುಟ್ಟುವುದೇ ಇಲ್ಲ.

ಅಳತೆಪಟ್ಟಿ

ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಈ ಚರ್ಚೆಯ ಅರ್ಧ ಭಾಗ ಕಾಗದದ ಮೇಲೆಯೇ ಮುಗಿದುಹೋಗುತ್ತದೆ. ಹೊರಗಿನ ರಿಮ್ ಕೊಂಡರೆ ಅದರೊಂದಿಗೆ ಎ.ಬಿ.ಇ. ಎಂಬ ಅನುಮತಿ ಪತ್ರ ಅಥವಾ ತಾಂತ್ರಿಕ ವರದಿ ಇರಬೇಕು. ಯಾವ ಕಾರಿಗೆ, ಯಾವ ಟೈರಿನೊಂದಿಗೆ, ಯಾವ ಷರತ್ತಿನ ಮೇಲೆ ಹಾಕಬಹುದು ಎಂಬುದು ಅದರಲ್ಲಿ ಪಟ್ಟಿಯಾಗಿರುತ್ತದೆ. ವರದಿ ಮಾತ್ರ ಇದ್ದಲ್ಲಿ ಟ್ಯೂಫ್‌ನಂಥ ತಪಾಸಣಾ ಸಂಸ್ಥೆಗೆ ಕಾರನ್ನು ಒಯ್ದು ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ಕಾರನ್ನು ರಸ್ತೆಗೆ ಇಳಿಸುವ ಅನುಮತಿಯೇ ರದ್ದಾಗುತ್ತದೆ. ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ಗಾಲಿಲೆಕ್ಕ

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿಯೇ ಓದಿತು. ಟೈರಿನ ಅಳತೆಗೆ ಜರ್ಮನಿಯಂತೆ ಪ್ರತಿ ರಿಮ್ಮಿಗೂ ಪಟ್ಟಿ ನಮ್ಮಲ್ಲಿ ಇಲ್ಲ. ಆದ್ದರಿಂದ ಅದೇ ಕಾರಿನ ಯಾವುದಾದರೂ ಮಾದರಿಗೆ ತಯಾರಕರೇ ಕೊಟ್ಟಿರುವ ಅಳತೆಯನ್ನು ಆರಿಸಿಕೊಂಡವರಿಗೆ ಮುಂದೆ ತಪಾಸಣೆಯಲ್ಲಾಗಲಿ, ವಿಮೆಯ ಪರಿಹಾರ ಕೇಳುವಾಗಲಾಗಲಿ ಉತ್ತರ ಹೇಳುವುದು ಸುಲಭ. ಬದಲಾವಣೆಯನ್ನು ವಿಮಾ ಸಂಸ್ಥೆಗೆ ಬರಹದಲ್ಲಿ ತಿಳಿಸಿಡುವುದು ಇನ್ನೂ ಒಳ್ಳೆಯದು.

ಹಾಸನದ ಓದುಗ

ಎಲ್ಲರಿಗೂ ಧನ್ಯವಾದಗಳು. 185/65 ಆರ್15 ಎಂದು ಹೆಚ್ಚುಕಡಿಮೆ ನಿರ್ಧರಿಸಿದ್ದೇನೆ. ಆದರೂ ಎರಡು ಸಂಶಯಗಳು ಉಳಿದಿವೆ. ಟೈರಿನ ಮೇಲೆ ಅಳತೆಯ ನಂತರ ಬರುವ 85 ಎಸ್, 88 ಎಚ್ ಎಂಬ ಗುರುತುಗಳಿಗೆ ಎಷ್ಟು ಮಹತ್ವ ಕೊಡಬೇಕು? ಸ್ಟೆಪ್ನಿಯನ್ನೂ 15 ಇಂಚಿಗೆ ಬದಲಿಸಲೇಬೇಕೇ?

ಟೈರ್ ಅಂಗಡಿ, ದಾವಣಗೆರೆ

85 ಎಂದರೆ ಒಂದು ಟೈರು 515 ಕೆಜಿ ಹೊರಬಲ್ಲದು, 88 ಎಂದರೆ 560 ಕೆಜಿ. ಎಸ್ ಎಂದರೆ ಗಂಟೆಗೆ 180 ಕಿಮೀ, ಎಚ್ ಎಂದರೆ 210 ಕಿಮೀವರೆಗಿನ ವೇಗಕ್ಕೆ ತಕ್ಕದ್ದು. ಹೊಸ ಟೈರಿನ ಎರಡೂ ಗುರುತುಗಳು ಮೂಲ ಟೈರಿಗಿಂತ ಕೆಳಗಿರಬಾರದು. ಕಾರಿನ ತೂಕವನ್ನು ನಾಲ್ಕರಿಂದ ಭಾಗಿಸಿ ಇದಕ್ಕಿಂತ ಕಡಿಮೆಯಾದರೂ ಸಾಕು ಎಂದು ಕೆಲವರು ವಾದಿಸುತ್ತಾರೆ. ಘಾಟಿ ಇಳಿಯುತ್ತ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಹೊರ ಚಕ್ರದ ಮೇಲೆ ಬೀಳುವ ಭಾರ ಆ ಕಾಲುಭಾಗದ ಲೆಕ್ಕಕ್ಕೆ ಸಿಗುವುದಿಲ್ಲ.

ಸ್ಟೆಪ್ನಿಯ ವ್ಯಾಸದ ವ್ಯತ್ಯಾಸ 1.9 ಮಿಮೀ ಮಾತ್ರ ಇರುವುದರಿಂದ ಹಳೆಯ 14 ಇಂಚಿನ ಚಕ್ರವನ್ನೇ ಇಟ್ಟುಕೊಳ್ಳಬಹುದು. ನಿಮ್ಮ ನಾಲ್ಕು ಟೈರುಗಳು ಸವೆದಿರುವುದರಿಂದ ಸ್ಟೆಪ್ನಿಯ ವಯಸ್ಸನ್ನೂ ಒಮ್ಮೆ ನೋಡಿ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಸ್ಟೆಪ್ನಿ ಹಾಕಿಕೊಂಡಾಗ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಿ, ಅಗಲ ಬೇರೆಯಾದ ಎರಡು ಟೈರುಗಳನ್ನು ಮುಂದಿನ ಅಚ್ಚಿನಲ್ಲಿ ಇಟ್ಟುಕೊಂಡು ಮಂಗಳೂರಿನವರೆಗೆ ಹೋಗುವ ಯೋಚನೆ ಬೇಡ. ಅಂದಹಾಗೆ, ಖರ್ಚು ಉಳಿಸಬೇಕೆಂದರೆ ಈಗಿನ ಸ್ಟೀಲ್ ರಿಮ್ಮಿನ ಮೇಲೆಯೇ 185/70 ಆರ್14 ಕೂರುತ್ತದೆ, ವ್ಯಾಸ 614.6 ಮಿಮೀ, ಮೂಲಕ್ಕಿಂತ ಶೇಕಡಾ 0.8 ಕಡಿಮೆ. ಆ ಟೈರಿಗೆ ನಾಲ್ಕೂವರೆಯಿಂದ ಆರು ಇಂಚು ಅಗಲದ ರಿಮ್ ನಡೆಯುತ್ತದೆ. ಆದರೆ ಇದು ತಯಾರಕರ ಅಳತೆಯಲ್ಲದ್ದರಿಂದ ಗಾಲಿಲೆಕ್ಕದವರ ಕಾನೂನಿನ ಮಾತು ಇದಕ್ಕೂ ಅನ್ವಯಿಸುತ್ತದೆ.

ಅಳತೆಪಟ್ಟಿ

ಹಾಸನದ ಗೆಳೆಯರಿಗೆ ಕೊನೆಯದಾಗಿ ಒಂದು ಸಲಹೆ. ನಾಲ್ಕು ಚಕ್ರಗಳನ್ನೂ ಜೋಡಿಸುವ ಮುನ್ನ ಒಂದೇ ಒಂದನ್ನು ಮುಂದೆ ಹಾಕಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಒಳಗಿನಿಂದ ಸ್ಟ್ರಟ್‌ಗೂ ಬ್ರೇಕ್ ಪೈಪಿಗೂ ಇರುವ ಅಂತರವನ್ನು ಟಾರ್ಚ್ ಬಿಟ್ಟು ನೋಡಿ. ಅನಂತರ ಹಿಂದಿನದನ್ನು ಹಾಕಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಮಡ್‌ಗಾರ್ಡಿನ ಒಳ ಅಂಚನ್ನು ಪರೀಕ್ಷಿಸಿ. ಟೈರನ್ನು ಒಮ್ಮೆ ಓಡಿಸಿದ ಮೇಲೆ ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಈ ಪರೀಕ್ಷೆ ಅಂಗಡಿಯ ಅಂಗಳದಲ್ಲೇ ಆಗಬೇಕು.

ಹಾಸನದ ಓದುಗ

ಖಂಡಿತ ಹಾಗೆಯೇ ಮಾಡುತ್ತೇನೆ. ಗಾಳಿಯ ಒತ್ತಡವನ್ನು ಹಳೆಯ ಟೈರಿಗೆ ಇದ್ದಷ್ಟೇ ಇಡಬಹುದೇ?

ಟೈರ್ ಅಂಗಡಿ, ದಾವಣಗೆರೆ

ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ 185/65 ಆರ್15 ಅಳತೆಗೆ ಬೇರೆ ಸಾಲು ಇದ್ದರೆ ಅದನ್ನು ಅನುಸರಿಸಿ. ಟೈರಿನ ಗೋಡೆಯ ಮೇಲೆ ಬರೆದಿರುವುದು ಗರಿಷ್ಠ ಒತ್ತಡ, ಅದು ನಿಮಗೆ ಬೇಕಾದ ಅಂಕಿಯಲ್ಲ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಕೊನೆಯವರೆಗೂ ಬಿಗಿಯಲು ಬಿಡದೆ, ಕೈಪಿಡಿಯಲ್ಲಿರುವ ಬಿಗಿತಕ್ಕೆ ಟಾರ್ಕ್ ಪಾನಾದಿಂದ (ನಿಗದಿತ ಬಲದಷ್ಟೇ ಬಿಗಿಯಲು ನೆರವಾಗುವ ಸ್ಪ್ಯಾನರಿನಿಂದ) ಬಿಗಿಸಿ, ಐವತ್ತರಿಂದ ನೂರು ಕಿಮೀ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಹೊಸ ಅಲಾಯ್‌ನ ಬಣ್ಣದ ಪದರ ನಟ್ಟಿನ ಕೆಳಗೆ ಒತ್ತಿ ಕೂರುವುದರಿಂದ ಮೊದಲ ಓಟದಲ್ಲಿ ಬಿಗಿತ ಸ್ವಲ್ಪ ಇಳಿಯುತ್ತದೆ.